ಫಾವ್ ದಾರಿಗೆ ಬೇಕಾದ ಒಂದು ಕಾರ್ಡು

ಬೆಳಗಿನ ಐದು ಗಂಟೆ. ಬಸ್ರಾದ ಕಂಪ್ಯೂಟರ್ ಪೇಟೆಯ ತಾರಸಿ ಮೇಲೆ ಒಬ್ಬರು ದೂಳಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಲೆಗೂ ಮೂಗಿಗೂ ಸೇರಿಸಿ ಚೌಕಳಿ ವಸ್ತ್ರ ಸುತ್ತಿಕೊಂಡಿರುವುದರಿಂದ ಕಾಣುವುದು ಕಣ್ಣು ಮಾತ್ರ. ಎದುರಿಗೆ ಮುಚ್ಚಳ ಬಿಚ್ಚಿದ ಕಂಪ್ಯೂಟರ್ ಪೆಟ್ಟಿಗೆ, ಕೈಯಲ್ಲಿ ಪಂಕ್ಚರ್ ಅಂಗಡಿಯವರು ಟೈರಿಗೆ ಗಾಳಿ ಹೊಡೆಯುವಂಥ ಕೊಳವೆ. ಒಂದು ಸಲ ಬುಸ್ ಎನ್ನಿಸಿದರೆ ಒಳಗಿಂದ ಬೊಗಸೆ ತುಂಬ ಕೆಂಪು ದೂಳು ಹಾರುತ್ತದೆ.

"ಜುಬೈರ್ ಊರ ಕಡೆ ಮನೇದು ಇದು. ಈ ಕೆಂಪು ಮಣ್ಣು ಅಲ್ಲೀದೇ. ಪೆಟ್ಟಿಗೇನ ಕಿಟಕಿ ಕೆಳಗೆ ನೆಲದ ಮೇಲೆ ಇಟ್ಟಿದ್ದಾರೆ. ಮನೇಲಿ ಇಬ್ಬರು ಸಿಗರೇಟು ಸೇದ್ತಾರೆ, ಅದರಲ್ಲಿ ಒಬ್ಬರು ಕದ್ದು ಸೇದ್ತಾರೆ," ಎನ್ನುತ್ತಾರೆ ಪೇಟೆಯವರು ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುವ ಚಾಸಿಬ್. ಕದ್ದು ಸೇದುವುದು ದೂಳಲ್ಲಿ ಹೇಗೆ ಗೊತ್ತಾಗುತ್ತದೆ ಎಂದರೆ ವಸ್ತ್ರದೊಳಗೇ ನಗುತ್ತಾರೆ. "ಬೂದಿ ಎಲ್ಲ ಪೆಟ್ಟಿಗೆ ಹಿಂದುಗಡೆ ಬಿದ್ದಿದೆ ನೋಡಿ. ಯಾರೋ ಬಂದರು ಅಂತ ಅಲ್ಲಿ ಕೊಡವಿದ್ದಾರೆ. ರಾಜಾರೋಷವಾಗಿ ಸೇದೋನು ಮುಂದೆ ಕೊಡವ್ತಾನೆ."

ಐದಕ್ಕೇ ಈ ಕೆಲಸ ಯಾಕೆಂದರೆ ಎಂಟರ ಮೇಲೆ ಇಲ್ಲಿ ಕೂರಲು ಆಗುವುದಿಲ್ಲ. ಜುಲೈಯಲ್ಲಿ ಹೊತ್ತೇರಿದ ಮೇಲೆ ತಾರಸಿ ಅಂದರೆ ರೊಟ್ಟಿ ಹೆಂಚು. ಅಷ್ಟರಲ್ಲಿ ಹತ್ತು ಹನ್ನೆರಡು ಪೆಟ್ಟಿಗೆಗಳ ದೂಳು ತೆಗೆದು, ಮುಖ ಕೈ ತೊಳೆದು, ಕೆಳಗಿಳಿದು, ಬಿಸಿ ಸಮೂನ್ ಬ್ರೆಡ್ಡಿನ ಹೊಟ್ಟೆ ಸೀಳಿ ಎಮ್ಮೆ ಕೆನೆ ತುಂಬಿಕೊಂಡು ತಿಂದು, ಪುಟ್ಟ ಲೋಟದಲ್ಲಿ ಎರಡು ಸಲ ಕಪ್ಪು ಚಹಾ ಕುಡಿದರೆ ಐವತ್ತೇಳರ ಚಾಸಿಬ್ ದಿನದ ಮುಖ್ಯ ಕೆಲಸಕ್ಕೆ ತಯಾರು. ಆ ಕೆಲಸಕ್ಕೆ ಪೇಟೆಯಲ್ಲಿ ಹೆಸರೂ ಇಲ್ಲ, ಫಲಕವೂ ಇಲ್ಲ.

ಪೇಟೆಯಲ್ಲಿ ನೂರಕ್ಕೆ ಮೇಲ್ಪಟ್ಟು ಅಂಗಡಿಗಳಿವೆ. ಚಾಸಿಬ್ ಅವರದು ಅಂತ ಒಂದೂ ಇಲ್ಲ. ಅಬೂ ತಬಾರಕ್ ಎಂಬವರ ಹಳೇ ಸಾಮಾನಿನ ಅಂಗಡಿಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ, ಒಂದು ಮೇಜು ಮತ್ತು ಎರಡು ಸ್ಟೂಲು. ಅದಕ್ಕೂ ತಿಂಗಳು ತಿಂಗಳು ಬಾಡಿಗೆ ಕೊಡುತ್ತಾರೆ. ಆಟಕ್ಕೆ ಕಂಪ್ಯೂಟರ್ ಕಟ್ಟಿಸಬೇಕು, ಇಲ್ಲವೇ ಇದ್ದದ್ದನ್ನು ಬಲಪಡಿಸಬೇಕು ಅನ್ನುವವರು ಮೊದಲು ಬಂದು ಈ ಸ್ಟೂಲಿನ ಮೇಲೆ ಕೂರುತ್ತಾರೆ. ಬಂದವರನ್ನು ಚಾಸಿಬ್ ವಿಚಾರಿಸಿ, ಸಿಗರೇಟು ಬಂಡಲಿನ ರಟ್ಟು ಹರಿದು ಅದರ ಹಿಂದೆ ಯಾವ ಬಿಡಿಭಾಗ ತಗೋಬೇಕು ಅಂತ ಪಟ್ಟಿ ಬರೆದು ಕೊಡುತ್ತಾರೆ. ಅದನ್ನು ಹಿಡಿದು ಅವರು ಯಾವ ಅಂಗಡಿಯಲ್ಲಾದರೂ ಸಾಮಾನು ಕೊಳ್ಳಬಹುದು. ಚಾಸಿಬ್‌ಗೆ ಸಿಗುವುದು ಪಟ್ಟಿಗೆ ಐದು ಸಾವಿರ ದೀನಾರ್, ಒಂದು ಹೊತ್ತಿನ ತಿಂಡಿ ಚಹಾಕ್ಕೆ ಸಾಲುವಷ್ಟು. ಅಂಗಡಿಯವರಿಂದ ಒಂದು ಬಿಡಿಗಾಸೂ ಮುಟ್ಟುವುದಿಲ್ಲ, ಬಿಟ್ಟಿ ಚಹಾ ಕೂಡ ಕುಡಿಯುವುದಿಲ್ಲ. ಪಟ್ಟಿಗೆ ಬೆಲೆ ಇರುವುದು ಈ ಒಂದು ಕಾರಣಕ್ಕೆ.

ಬಂದವರು ಕೂತ ತಕ್ಷಣ ಗ್ರಾಫಿಕ್ಸ್ ಕಾರ್ಡಿನ ಮಾತು ತೆಗೆಯುತ್ತಾರೆ. ಆಟದ ಚಿತ್ರವನ್ನೆಲ್ಲ ಪರದೆಗೆ ಎಳೆದು ತರುವುದು ಆ ಕಾರ್ಡು, ಯಾವುದು ದೊಡ್ಡದೋ ಅದೇ ಎಲ್ಲರಿಗೂ ಬೇಕು. ಚಾಸಿಬ್ ಕೈ ಅಡ್ಡ ಮಾಡಿ ತಡೆಯುತ್ತಾರೆ. ಅವರ ಮೊದಲ ಪ್ರಶ್ನೆ ಇಪ್ಪತ್ತು ವರ್ಷದಿಂದ ಬದಲಾಗಿಲ್ಲ.

"ಅದಿರಲಿ ಕಣ್ಣೇ. ಮನೆಗೆ ಎಷ್ಟು ಆಂಪ್?"

ಸರ್ಕಾರಿ ಕರೆಂಟು ತನಗೆ ಮನಸ್ಸು ಬಂದಾಗ ಬರುತ್ತದೆ, ಹೋಗುತ್ತದೆ. ಉಳಿದಂತೆ ಬಸ್ರಾದ ಸಂಸಾರಗಳು ನಡೆಯುವುದು ಓಣಿಯ ಜನರೇಟರಿನಿಂದ. ಅದರಿಂದ ಒಬ್ಬೊಬ್ಬರು ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಆಂಪ್ ಹಿಡಿದಿರುತ್ತಾರೆ. ಎರಡು ಆಂಪಿನವರಿದ್ದಾರೆ, ಐದರವರಿದ್ದಾರೆ, ಹತ್ತರ ಸಾಹುಕಾರರೂ ಇದ್ದಾರೆ. ಮಿತಿ ಮೀರಿದರೆ ಬ್ರೇಕರ್ ಟಪ್ ಅಂತ ಬಿತ್ತು, ಮನೆಯೆಲ್ಲ ಕತ್ತಲೆ. ಹೀಗಿರುವಾಗ ಪೇಟೆಯ ಅತ್ಯಂತ ದೊಡ್ಡ ಕಾರ್ಡನ್ನು ಎರಡು ಆಂಪಿನ ಮನೆಗೆ ಒಯ್ದು ಮಾಡುವುದೇನು?

"ಎಲ್ಲರೂ ತಲೆ ಕಡೆಯಿಂದ ಶುರು ಮಾಡ್ತಾರೆ. ನಾನು ಹೊಟ್ಟೆ ಕಡೆಯಿಂದ. ಮೊದಲು ಆಂಪು. ಆಮೇಲೆ ಪವರ್ ಸಪ್ಲೈ. ಆಮೇಲೆ ಕಾರ್ಡು. ಮಧ್ಯಾಹ್ನ ಆ ರೂಮಿಗೆ ಬಿಸಿಲು ಎಲ್ಲಿಂದ ಬೀಳುತ್ತೆ ಅಂತ ಕೇಳಿಕೊಂಡು ಫ್ಯಾನ್ ಎಷ್ಟು ಬೇಕು ಬರೀತೀನಿ. ಪ್ರೊಸೆಸರ್ರು, ರ್‍ಯಾಮು ಇವೆಲ್ಲ ಕೊನೆಗೆ. ಬಣ್ಣಬಣ್ಣದ ದೀಪ ಕೇಳಿದ್ರೆ, ಮದುವೆ ಮನೆಯಲ್ಲಿ ಹಾಕಿರ್ತಾರೆ ಅಲ್ಲಿಗೆ ಹೋಗು ಅಂತೀನಿ," ಎಂದು ರಟ್ಟಿನ ಮೇಲೆ ಅಡ್ಡಗೆರೆ ಎಳೆದು ತೋರಿಸುತ್ತಾರೆ.

ಈ ಪ್ರಶ್ನೆ ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಮೀನಿನಿಂದ ಕಲಿತದ್ದು. ಆ ಕಥೆ ಹೇಳಲು ಚಾಸಿಬ್ ಬಾಯಿ ತೆಗೆಯುವ ಮೊದಲೇ ಅಬೂ ತಬಾರಕ್ ಕುರ್ಚಿ ಎಳೆದುಕೊಂಡು ಬರುತ್ತಾರೆ. ನಡುವಯಸ್ಸಿನ ಈ ದಢೂತಿ ಮನುಷ್ಯನಿಗೆ ಪೇಟೆಯಲ್ಲಿ ಗೊತ್ತಿಲ್ಲದ ಸುದ್ದಿಯಿಲ್ಲ, ಉಪ್ಪು ಖಾರ ಹಚ್ಚದೆ ಹೇಳಿ ಗೊತ್ತಿಲ್ಲ.

ಚಾಸಿಬ್ ಹೊಸದಾಗಿ ಪಟ್ಟಿ ಬರೆಯತೊಡಗಿದ ದಿನಗಳು. ಕರ್ರಾರ್ ಎಂಬ ಮದುವೆ ವಯಸ್ಸಿನ ಗಂಡು ಬಂದು, ಇದ್ದುದರಲ್ಲಿ ಭಾರಿಯದು ಬರೆದು ಕೊಡಿ ಅಂದ. ಇವರೂ ಹುರುಪಿನಲ್ಲಿ ಬರೆದು ಕೊಟ್ಟರು. ಕಂಪ್ಯೂಟರ್ ಮನೆಗೆ ಹೋಯಿತು, ಹಚ್ಚಿದರೆ ಬ್ರೇಕರ್ ಬಿತ್ತು. ಮೂರು ಸಲ ಹಚ್ಚಿದ, ಮೂರು ಸಲ ಬಿತ್ತು. ಕರ್ರಾರ್ ಮನೆಯೆಲ್ಲ ಹುಡುಕಿ, ಯಾರಿಗೂ ಹೇಳದೆ, ಹಿತ್ತಿಲ ಕೋಣೆಯ ಫ್ರೀಜರಿನ ಪ್ಲಗ್ಗು ಕಿತ್ತ. ಆಗ ಎಲ್ಲ ಸುಸೂತ್ರವಾಗಿ ನಡೆಯಿತು. ಎರಡು ದಿನ ಊಟ ನಿದ್ದೆ ಮರೆತು ಆಡಿದ. ಫ್ರೀಜರಿನಲ್ಲಿದ್ದದ್ದು ಅವನದೇ ನಿಶ್ಚಿತಾರ್ಥಕ್ಕೆ ತಂದಿಟ್ಟ ನಲವತ್ತು ಸಬೂರ್ ಮೀನು.

"ಮೂರನೇ ದಿನ ಅವನ ತಾಯಿ ಉಮ್ ಕರ್ರಾರ್ ಬಂದಳು ನೋಡಿ," ಅಬೂ ತಬಾರಕ್ ಎರಡೂ ಕೈ ಅಗಲಿಸುತ್ತಾರೆ, "ಮಂಕರಿ ಹೊತ್ತುಕೊಂಡು. ಪೇಟೆಗೆ ಪೇಟೆಯೇ ಮೂಗು ಮುಚ್ಚಿಕೊಂಡು ಆಚೆ ಓಡ್ತು. ಸೀದಾ ಬಂದವಳೇ ಈ ಮೇಜಿನ ಮೇಲೆ ಮೀನು ಸುರಿದಳು. 'ನಿನ್ನ ಪಟ್ಟೀಲಿ ಇದನ್ನೂ ಬರಿ' ಅಂದಳು. ಉಸ್ತಾ ಬಾಯಿ ಬಿಡಲಿಲ್ಲ. ಬಾಯಿ ಬಿಟ್ರೆ ವಾಸನೆ ಒಳಗೆ ಹೋಗುತ್ತೆ ಅಂತಿರಬೇಕು."

"ತಪ್ಪು ನಂದಲ್ವಾ, ಏನು ಬಾಯಿ ಬಿಡೋದು?" ಎನ್ನುತ್ತಾರೆ ಚಾಸಿಬ್. "ಆಟ ಯಾವುದು ಅಂತ ಕೇಳಿದ್ದೆ, ದುಡ್ಡೆಷ್ಟು ಅಂತ ಕೇಳಿದ್ದೆ. ಮನೇಲಿ ಇನ್ನೇನೇನು ಓಡುತ್ತೆ ಅಂತ ಕೇಳಿರಲಿಲ್ಲ. ಕಂಪ್ಯೂಟರ್ ಒಂಟಿಯಾಗಿ ಬದುಕೋ ವಸ್ತು ಅಲ್ಲ. ಫ್ರಿಜ್ಜಿನ ಜತೆ, ಕೂಲರಿನ ಜತೆ ಹೊಂದಿಕೊಂಡು ಬಾಳಬೇಕು."

ಅಂದಿನಿಂದ ಇಂದಿನವರೆಗೆ ಎಷ್ಟು ಪಟ್ಟಿ ಬರೆದಿರಬಹುದು ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ಸಾಧಾರಣ ದಿನಕ್ಕೆ ಎಂಟು, ಶಾಲೆ ಕಾಲೇಜಿನ ಪರೀಕ್ಷೆ ಮುಗಿದ ವಾರಗಳಲ್ಲಿ ಇಪ್ಪತ್ತು. ಅದರ ಮೇಲೆ ದಿನಕ್ಕೆ ಎರಡೋ ಮೂರೋ ಪೆಟ್ಟಿಗೆ ಸ್ವತಃ ಜೋಡಿಸಿ ಕೊಡುತ್ತಾರೆ. ಹಳೇ ಕಾರ್ಡು ಯಾರೇ ತಂದರೂ ಅದನ್ನು ತಾರಸಿಯ ತಗಡಿನ ಗೂಡಿನಲ್ಲಿ, ಬಿಸಿಲ ಝಳದಲ್ಲಿ, ಪೂರ್ತಿ ಎರಡು ಗಂಟೆ ಓಡಿಸಿ ನೋಡದೆ ಒಳ್ಳೆಯದು ಅನ್ನುವುದಿಲ್ಲ. ಬಸ್ರಾದ ಬೇಸಿಗೆ ತಡೆದುಕೊಂಡದ್ದು ಎಲ್ಲವನ್ನೂ ತಡೆದುಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಈ ಎರಡು ಗಂಟೆಯ ನೇಮವೇ ಈ ಬೇಸಿಗೆಯಲ್ಲಿ ಅವರ ಕುತ್ತಿಗೆಗೆ ಬಂತು. ಅದನ್ನು ಹೇಳುವ ಮೊದಲು ಅವರ ಮನೆಗೆ ಹೋಗಿ ಬರಬೇಕು.

ಚಾಸಿಬ್ ಅವರ ಮನೆಗೆ ಎರಡೇ ಆಂಪ್. ಓಣಿಯ ಜನರೇಟರಿಗೆ ವಯಸ್ಸಾಗಿದೆ, ಯಾರು ಎಷ್ಟು ಕೊಡುತ್ತೇನೆಂದರೂ ಎರಡಕ್ಕಿಂತ ಹೆಚ್ಚು ಸಿಗುವುದಿಲ್ಲ. ಮುಂದಿನ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಒಂದು ಸಣ್ಣ ಕಂಪ್ಯೂಟರ್ ಇದೆ. ಯಾವುದೋ ಬ್ಯಾಂಕಿನವರು ಬಿಸಾಡಿದ, ದಪ್ಪ ಪುಸ್ತಕದಷ್ಟು ಅಗಲದ ಆಫೀಸು ಪೆಟ್ಟಿಗೆ. ಊರಿಗೆಲ್ಲ ಪಟ್ಟಿ ಬರೆಯುವವರ ಮನೆಯಲ್ಲಿ ಇರುವುದು ಇದು.

"ಬೀಗರು ಬಂದಾಗ ನಾನು ಬಟ್ಟೆ ತೆಗೆಯೋದೇ ಇಲ್ಲ, ಮರ್ಯಾದೆ ಪ್ರಶ್ನೆ," ಎಂದು ಮಡದಿ ಹಮ್ದಿಯಾ ಚಹಾ ಇಡುತ್ತಾ ಚುಚ್ಚುತ್ತಾರೆ. "ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಇವರಿಗೆ ಬಿಟ್ಟುಕೊಟ್ಟಿದ್ದೀನಿ. ಆ ಹೊತ್ತಿಗೆ ಸ್ವಲ್ಪ ತಂಪಿರುತ್ತೆ, ಕೂಲರ್ ಆರಿಸಬಹುದು. ಅಣ್ಣ ತಂಗಿ ಲಾರಿ ಓಡಿಸ್ಕೊಳ್ಳಲಿ."

ತಂಗಿ ಬಲ್ಕೀಸ್ ಹತ್ತೊಂಬತ್ತು ವರ್ಷದ ಹಿಂದೆ ಗಂಡನ ಜತೆ ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಹೋದವರು. ಈಗ ನಲವತ್ತಾರು. ಬೇಕರಿಯಲ್ಲಿ ಕೆಲಸ, ಬೆಳಗಿನ ಜಾವವೇ ಹೋಗಬೇಕು. ಹೋದಂದಿನಿಂದ ಒಂದು ಸಲವೂ ಬಸ್ರಾಕ್ಕೆ ಬರಲಾಗಿಲ್ಲ. ಮೊದಮೊದಲು ಕಾಗದಪತ್ರದ ತೊಡಕು, ಆಮೇಲೆ ಗಂಡನ ಕಾಯಿಲೆ, ಆಮೇಲೆ ಆಮೇಲೆ ಅಂತಲೇ ಕಾಲ ಸರಿಯಿತು. ಫೋನು ಇದೆಯಲ್ಲ ಎಂದರೆ ಚಾಸಿಬ್ ತಲೆ ಅಲ್ಲಾಡಿಸುತ್ತಾರೆ.

"ಫೋನಲ್ಲಿ ಏನು ಮಾತಾಡ್ತೀರಿ? ಹೇಗಿದ್ದೀಯ, ಚೆನ್ನಾಗಿದ್ದೀನಿ. ಸೆಖೆ ಹೇಗಿದೆ, ಹಾಗೇ ಇದೆ. ಐದು ನಿಮಿಷಕ್ಕೆ ಮುಗೀತು, ಆಮೇಲೆ ಇಬ್ಬರೂ ಸುಮ್ನೆ ಮುಖ ನೋಡ್ಕೊಂಡು ಕೂರಬೇಕು, ಅಳು ಬರುತ್ತೆ. ಲಾರೀಲಿ ಹಂಗಲ್ಲ. ಕಣ್ಣು ರಸ್ತೆ ಮೇಲಿರುತ್ತೆ. ಬಾಯಿ ತಾನೇ ಮಾತಾಡ್ಕೊಂಡು ಹೋಗುತ್ತೆ."

ಅದು ಲಾರಿ ಓಡಿಸುವ ಆಟ. ಬೇರೆ ಬೇರೆ ಊರಿನಲ್ಲಿ ಕೂತವರು ಒಂದೇ ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ಸರಕು ಸಾಗಿಸಬಹುದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡಬಹುದು. ಏಳು ವರ್ಷದಿಂದ ಶುಕ್ರವಾರ ಶುಕ್ರವಾರ ಇವರದು ಇದೇ ಪರಿಪಾಠ. ಅಣ್ಣನ ಲಾರಿ ಮುಂದೆ, ತಂಗಿಯದು ಹಿಂದೆ. ಬಲ್ಕೀಸ್ ಅವರ ಕಂಪ್ಯೂಟರ್ ಒಳ್ಳೆಯದು. ಅದರ ಪಟ್ಟಿಯನ್ನೂ ಚಾಸಿಬ್ ಅವರೇ ಫೋನಿನಲ್ಲಿ ಹೇಳಿ ಬರೆಸಿದ್ದು. "ನಿನಗೆ ಆಂಪಿನ ಚಿಂತೆ ಇಲ್ಲ, ನೀನು ದೊಡ್ಡದೇ ಬರ್ಕೋ" ಅಂದಿದ್ದರಂತೆ.

ಲಾರಿಯ ಆಟವೇ ಯಾಕೆ ಅಂದರೆ ಅದರ ಹಿಂದೆ ಅವರಪ್ಪನ ಪಿಕಪ್ ಗಾಡಿ ಇದೆ. ತೊಂಬತ್ತರ ದಶಕದಲ್ಲಿ ಅಪ್ಪ ಸಮುದ್ರದಂಚಿನ ಫಾವ್ ಪಟ್ಟಣದಿಂದ ಮದರಂಗಿ ಸೊಪ್ಪು ತುಂಬಿಕೊಂಡು ಬಸ್ರಾಕ್ಕೆ ತರುತ್ತಿದ್ದರು. ಚಾಸಿಬ್ ಓಡಿಸುವುದು, ಅಪ್ಪ ಕಿಟಕಿ ಪಕ್ಕ, ಬಲ್ಕೀಸ್ ಇಬ್ಬರ ನಡುವೆ. ಗೇರು ಬದಲಾಯಿಸಿದಾಗಲೆಲ್ಲ ಅವಳ ಮೊಣಕಾಲಿಗೆ ತಾಕುತ್ತಿತ್ತು. ನಿಂತಲ್ಲೆಲ್ಲ ಅಪ್ಪ ಇಳಿದು ನಾಲ್ಕೂ ಟೈರು ಒದ್ದು ನೋಡುತ್ತಿದ್ದರು. ಗಾಡಿಯೆಲ್ಲ ಮದರಂಗಿ ವಾಸನೆ.

"ಪ್ರತಿ ಸಲ ಅವಳದು ಒಂದೇ ರಾಗ. 'ಅಣ್ಣಾ, ನಂಗೂ ಓಡ್ಸೋಕೆ ಕೊಡು.' ನಂದೂ ಒಂದೇ ರಾಗ. 'ದೊಡ್ಡವಳಾಗು, ಕೊಡ್ತೀನಿ.' ಅವಳು ದೊಡ್ಡವಳಾಗೋ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದರು, ಗಾಡಿ ಮಾರಿದ್ವಿ. ಆಮೇಲೆ ಅವಳ ಮದುವೆ. ಆಮೇಲೆ ಅವಳು ಇಲ್ಲೇ ಇಲ್ಲ," ಎಂದು ಚಾಸಿಬ್ ಕಸೂತಿ ಬಟ್ಟೆಯ ಮಡಿಕೆ ಸರಿಮಾಡುತ್ತಾರೆ.

ಈ ವರ್ಷ ಮಾರ್ಚಿನಲ್ಲಿ ಆಟದ ಹೊಸ ಆವೃತ್ತಿ ಬಂತು. ಅದಕ್ಕೆ ಬಸ್ರಾದ ನಾಲ್ಕು ಜನ ಗೆಳೆಯರು ಸೇರಿ ಒಂದು ಹೊಸ ರಸ್ತೆ ಮಾಡಿ ಬಿಟ್ಟರು. ಬಸ್ರಾದಿಂದ ಫಾವ್‌ಗೆ ಹೋಗುವ ರಸ್ತೆ. ಎಡಕ್ಕೆ ಖರ್ಜೂರದ ತೋಟ, ಬಲಕ್ಕೆ ಉಪ್ಪು ಬೆಳೆವ ಬಯಲು, ತನಿಖೆ ಠಾಣೆ, ಬಾಗಿದ ಕಂಬದ ಪೆಟ್ರೋಲ್ ಬಂಕು, ಎಲ್ಲ ಇದೆಯಂತೆ. ಬಲ್ಕೀಸ್ ಆ ದಿನವೇ ಅದನ್ನು ಇಳಿಸಿಟ್ಟುಕೊಂಡರು. ಚಾಸಿಬ್ ಮನೆಯ ಪೆಟ್ಟಿಗೆ ಮಾತ್ರ ಹೊಸ ಆವೃತ್ತಿಯನ್ನು ಎತ್ತಲಾರೆ ಅಂದಿತು. ಒಳಗಿನ ಕಾರ್ಡು ತೀರಾ ಹಳೆಯದು.

ದೊಡ್ಡ ಕಾರ್ಡು ಹಾಕಿಕೊಳ್ಳಿ ಎಂದು ನಾವು ನೀವು ಹೇಳಬಹುದು. ದೊಡ್ಡ ಕಾರ್ಡು ಆ ಸಣಕಲು ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಪೆಟ್ಟಿಗೆ ಬದಲಾಯಿಸಿದರೆ ಪವರ್ ಸಪ್ಲೈ ಬದಲಾಗಬೇಕು, ಅದು ಬದಲಾದರೆ ಎರಡು ಆಂಪ್ ಸಾಲದು. ಅವರಿಗೆ ಬೇಕಾದದ್ದು ಅರ್ಧ ಎತ್ತರದ, ಬೇರೆ ವೈರು ಬೇಡದ, ಕಡಿಮೆ ಕರೆಂಟು ತಿನ್ನುವ, ಆದರೂ ಹೊಸ ಆಟ ಎಳೆಯಬಲ್ಲ ಒಂದು ಪುಟ್ಟ ಕಾರ್ಡು. ಅಂಥದ್ದು ಇದೆ, ಆದರೆ ಅಪರೂಪ. ಪೇಟೆಯಲ್ಲಿ ಯಾರೂ ತರಿಸುವುದಿಲ್ಲ, ಕೊಳ್ಳುವವರಿಗೆ ಗಾತ್ರ ಕಾಣಬೇಕಲ್ಲ. ಬಂದರೆ ಯಾವುದಾದರೂ ಕಂಪನಿ ಮುಚ್ಚಿದಾಗ ಅವರ ಹಳೇ ಸಾಮಾನಿನ ಜತೆ ಬರಬೇಕು. ಒಂದಿಬ್ಬರು ಅಂಗಡಿಯವರು ದುಬೈಯಿಂದ ತರಿಸಿ ಉಡುಗೊರೆ ಕೊಡುತ್ತೇವೆ ಎಂದು ಮುಂದೆ ಬಂದರು. ಇವರು ಒಪ್ಪಲಿಲ್ಲ. ತಗೊಂಡರೆ ಮರುದಿನದಿಂದ ಪಟ್ಟಿಯಲ್ಲಿ ಅವರ ಅಂಗಡಿಯ ಸಾಮಾನೇ ಬರುತ್ತದೆ ಎಂಬ ಭಯ, ಬರದಿದ್ದರೂ ಜನ ಹಾಗೆ ಅಂದುಕೊಂಡಾರೆಂಬ ಭಯ.

ಬಲ್ಕೀಸ್ ಹೊಸ ರಸ್ತೆಯನ್ನು ಇಳಿಸಿಟ್ಟುಕೊಂಡವರು ತೆರೆದು ನೋಡಲೇ ಇಲ್ಲ. "ನೀನು ಬರೋವರೆಗೂ ನಾನೂ ಹೋಗಲ್ಲ ಅಣ್ಣಾ" ಅಂದರು. ಹಳೇ ಆವೃತ್ತಿಯಲ್ಲೇ, ಹಳೇ ರಸ್ತೆಗಳಲ್ಲೇ, ಇಬ್ಬರಿಗೂ ಸಂಬಂಧವಿಲ್ಲದ ಊರುಗಳ ನಡುವೆ ಸರಕು ಸಾಗಿಸುತ್ತಾ ಉಳಿದರು. ನಾಲ್ಕು ತಿಂಗಳು ಚಾಸಿಬ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಹಳೇ ಪೆಟ್ಟಿಗೆಗಳ ಲಾರಿ ಬಂತೆಂದರೆ ಮೊದಲು ಇಣುಕುವವರು ಇವರೇ.

ಜೂನ್ ಕೊನೆಯ ಮಂಗಳವಾರ ಅದು ಬಂತು. ಕೊಲ್ಲಿಯ ಯಾವುದೋ ಕಚೇರಿಯಿಂದ ಬಂದ ಮೂವತ್ತು ಪೆಟ್ಟಿಗೆಗಳಲ್ಲಿ ಒಂದರ ಹೊಟ್ಟೆಯಲ್ಲಿ, ಅಂಗೈ ಅಗಲದ ಕಾರ್ಡು. ಬೆಳಿಗ್ಗೆ ಏಳು ಗಂಟೆ. ಅಬೂ ತಬಾರಕ್ ಅದನ್ನು ಎತ್ತಿ ಹಿಡಿದು ಅಂಗಡಿಯ ನಡುವೆ ನಿಂತರು.

"ತಗೋ, ನಿನ್ನ ಫಾವ್ ಬಂತು. ಜೇಬಿಗೆ ಹಾಕ್ಕೊಂಡು ಮನೆಗೆ ನಡಿ," ಅಂದರು.

"ಬೆಲೆ ಹೇಳು. ಎಲ್ಲರಿಗೆ ಎಷ್ಟೋ ಅಷ್ಟೇ ಕೊಡೋದು."

"ಆಯ್ತು ಮಾರಾಯ, ಎಲ್ಲರಿಗೆ ಎಷ್ಟೋ ಅಷ್ಟೇ. ನಡಿ ಈಗ."

"ಎರಡು ಗಂಟೆ ಓಡಿಸಿ ನೋಡ್ಬೇಕು."

"ನಿನ್ನ ತಲೆ ಓಡಿಸಿ ನೋಡ್ಬೇಕು. ನಿನಗೇ ತಾನೆ? ಕೆಟ್ಟರೆ ನಿನ್ನ ಮನೇಲೇ ಕೆಡಲಿ ಬಿಡು."

ಚಾಸಿಬ್ ಕೇಳಲಿಲ್ಲ. ಯಾರ ಕಾರ್ಡಾದರೂ ಎರಡು ಗಂಟೆ, ತನ್ನದಾದರೆ ಮಾತ್ರ ಬೇರೆ ಕಾನೂನೇ? ತಾರಸಿಯ ತಗಡು ಗೂಡಿನಲ್ಲಿ ಅದನ್ನು ಓಡಲು ಬಿಟ್ಟು, ಒಂಬತ್ತಕ್ಕೆ ಹಣ ಕೊಟ್ಟು ಒಯ್ಯುವುದು ಅಂದುಕೊಂಡು ಬಂದು ಮೇಜಿನ ಮುಂದೆ ಕೂತರು. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಆಗಲೇ ಅರ್ಧ ದಾರಿ ಹೋಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತಾರೆ.

ಎಂಟೂಕಾಲಿಗೆ ಸ್ಟೂಲಿನ ಮೇಲೆ ಒಬ್ಬ ಹಿರಿಯರು ಬಂದು ಕೂತರು. ಹಾಜಿ ದಾಖಿಲ್, ಅರವತ್ತೆಂಟು ವರ್ಷ. ಬಂದರಿನ ಎಳೆದೋಣಿಯ ಕ್ಯಾಪ್ಟನ್ ಆಗಿದ್ದವರು. ಶತ್ತುಲ್ ಅರಬ್ ನದಿಯಲ್ಲಿ ಮೂವತ್ತೆಂಟು ವರ್ಷ ದೊಡ್ಡ ಹಡಗುಗಳನ್ನು ಹಗ್ಗ ಕಟ್ಟಿ ಎಳೆದು ದಡ ಮುಟ್ಟಿಸಿದವರು. ಮಂಡಿ ಸೋತ ಮೇಲೆ ನಿವೃತ್ತಿ. ಈಗ ಮಗಳ ಮನೆಯಲ್ಲಿ, ಜುಬೈರಿನಲ್ಲಿ.

"ಮಗಳು ಚೆನ್ನಾಗೇ ನೋಡ್ಕೋತಾಳೆ," ಎಂದು ಅವರು ಮೊದಲೇ ಹೇಳಿದರಂತೆ. "ಆದರೆ ಅಲ್ಲಿ ನೀರು ಅಂದ್ರೆ ಟ್ಯಾಂಕರಿನ ನೀರು. ಮೂರು ವರ್ಷ ಆಯ್ತು ನಾನು ಹಗ್ಗ ಮುಟ್ಟಿ. ಎಳೆದೋಣಿ ಓಡಿಸೋ ಆಟ ಇದೆಯಂತಲ್ಲ ಉಸ್ತಾ, ಅಳಿಯನ ಆಫೀಸಿನ ಹಳೇ ಪೆಟ್ಟಿಗೆ ಕೊಟ್ಟಿದ್ದಾರೆ, ಅದರಲ್ಲಿ ಓಡೋ ಹಾಗೆ ಮಾಡಿಕೊಡಪ್ಪಾ. ನಗಬೇಡ ಮತ್ತೆ."

"ನಾನ್ಯಾಕೆ ನಗಲಿ ಹಾಜಿ? ಮನೆಗೆ ಎಷ್ಟು ಆಂಪ್?"

"ಎರಡು."

ಫೋನಿನಲ್ಲಿ ಪೆಟ್ಟಿಗೆಯ ಚಿತ್ರ ತೋರಿಸಿದರು. ದಪ್ಪ ಪುಸ್ತಕದಷ್ಟು ಅಗಲದ ಆಫೀಸು ಪೆಟ್ಟಿಗೆ. ಚಾಸಿಬ್ ರಟ್ಟು ಹರಿದು ಮೊದಲ ಸಾಲು ಬರೆದರು: ಎರಡು ಆಂಪ್. ಎರಡನೇ ಸಾಲು: ಪವರ್ ಸಪ್ಲೈ ಇದ್ದದ್ದೇ ಸಾಕು. ಮೂರನೇ ಸಾಲು ಕಾರ್ಡಿನದು. ಅಲ್ಲಿ ಪೆನ್ನು ನಿಂತಿತು. ಬರೆಯುವಂಥದ್ದು ಜಗತ್ತಿನಲ್ಲಿ ಒಂದೇ ಕಾರ್ಡು ಇತ್ತು, ಅದು ಆ ಹೊತ್ತಿನಲ್ಲಿ ತಲೆಯ ಮೇಲೆ ತಾರಸಿಯಲ್ಲಿ ಓಡುತ್ತಿತ್ತು.

"ಬರೆಯೋಕೆ ಮನಸ್ಸು ಬರಲಿಲ್ಲ," ಎನ್ನುತ್ತಾರೆ ಚಾಸಿಬ್. "ಸುಳ್ಳು ಯಾಕೆ ಹೇಳಲಿ? ಈ ಮುದುಕ ನಾಳೆ ಬರಬಾರದಿತ್ತಾ ಅಂತ ಅನ್ನಿಸ್ತು. ಸದ್ಯಕ್ಕೆ ಇಲ್ಲ ಹಾಜಿ, ಬಂದಾಗ ಹೇಳ್ತೀನಿ ಅಂದಿದ್ರೆ ಅವರು ಎದ್ದು ಹೋಗ್ತಿದ್ರು. ಸಲಾಂ ಹೇಳಿ ಹೋಗ್ತಿದ್ರು, ಅಂಥ ಮನುಷ್ಯ."

ಪೆನ್ನು ಎಷ್ಟು ಹೊತ್ತು ನಿಂತಿತ್ತು ಎಂಬುದಕ್ಕೆ ಎರಡು ಮಾತಿದೆ. ಚಾಸಿಬ್ ಅರ್ಧ ನಿಮಿಷ ಅನ್ನುತ್ತಾರೆ, ಅಬೂ ತಬಾರಕ್ ಒಂದು ಸಿಗರೇಟು ಮುಗಿಯುವಷ್ಟು ಅನ್ನುತ್ತಾರೆ. ಆಮೇಲೆ ಚಾಸಿಬ್ ಮೂರನೇ ಸಾಲು ಬರೆದರು. "ಸ್ವಲ್ಪ ಕೂತಿರಿ ಹಾಜಿ, ಇನ್ನು ಮುಕ್ಕಾಲು ಗಂಟೆ ಪರೀಕ್ಷೆ ಬಾಕಿ ಇದೆ," ಅಂದರು. ಒಂಬತ್ತಕ್ಕೆ ತಾವೇ ಮೇಲೆ ಹತ್ತಿ, ಸುಡುವ ತಗಡಿನೊಳಗಿಂದ ಕಾರ್ಡು ತೆಗೆದು, ಬಟ್ಟೆಯಲ್ಲಿ ಹಿಡಿದು ತಂದರು. ಕಾರ್ಡು ಪಾಸಾಗಿತ್ತು. ಹಾಜಿ ದಾಖಿಲ್ ಅದನ್ನು ಜೇಬಿನ ಕರವಸ್ತ್ರದಲ್ಲಿ ಸುತ್ತಿಕೊಂಡು ಮಂಡಿ ಊರುತ್ತಾ ಹೊರಟರು.

ಅವರು ತಿರುವು ದಾಟಿದ್ದೇ ತಡ, ಅಬೂ ತಬಾರಕ್ ಅಂಗಡಿ ಹಾರಿ ಹೋಗುವಂತೆ ಬೈದರು. "ಬೆಂಕಿ ಬಿತ್ತು ನಿನ್ನ ನಿಯತ್ತಿಗೆ. ಇದು ನಂಗೆ ಇಟ್ಕೊಂಡಿದ್ದು ಅಂತ ಬಾಯಿ ಬಿಟ್ಟು ಹೇಳಿದ್ರೆ ಏನು ಪಾಪ ಬರ್ತಿತ್ತು? ಸುಳ್ಳಲ್ಲವಲ್ಲ ಅದು."

"ಸುಳ್ಳಲ್ಲ," ಅಂದರು ಚಾಸಿಬ್. "ಆದರೆ ಈ ಮೇಜಿನ ಹಿಂದೆ ಕೂತೋನು ಇದು ನಂಗೆ ಅಂತ ಒಂದು ಸಲ ಎತ್ತಿಟ್ಟ ಅಂದ್ರೆ, ನಾಳೆ ಬಂದೋನು ಕೇಳ್ತಾನೆ, ಇನ್ನೇನೇನು ಎತ್ತಿಟ್ಟಿದ್ದೀಯ ಅಂತ. ಎದುರಿಗೆ ಒಬ್ಬ ಕೂತಿರೋವರೆಗೂ ಪೇಟೇಲಿ ಇರೋದೆಲ್ಲ ಅವನದು. ದುಡ್ಡು ಕೊಟ್ಟು ಜೇಬಿಗೆ ಹಾಕ್ಕೊಂಡಿದ್ರೆ ನಂದಾಗಿರ್ತಿತ್ತು. ಹಾಕ್ಕೊಂಡಿರಲಿಲ್ಲ."

"ಏಳು ಗಂಟೆಗೇ ಹಾಕ್ಕೋ ಅಂದೆ ನಾನು."

"ಅಂದೆ," ಎಂದು ಒಪ್ಪಿಕೊಂಡು ಚಾಸಿಬ್ ಮುಂದಿನವರನ್ನು ಕರೆದರಂತೆ. ಆ ದಿನ ಹನ್ನೊಂದು ಪಟ್ಟಿ ಬರೆದರು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಲಿಲ್ಲ. ಹಮ್ದಿಯಾಗೆ ಏನು ಹೇಳುವುದೋ ತಿಳಿಯಲಿಲ್ಲ, ಬೆಳಿಗ್ಗೆಯೇ ಫೋನು ಮಾಡಿ ಕಾರ್ಡು ಸಿಕ್ಕಿತು ಅಂದುಬಿಟ್ಟಿದ್ದರು. ಹಮ್ದಿಯಾ ಅದನ್ನು ಅಷ್ಟೊತ್ತಿಗೆ ಗೋಥೆನ್‌ಬರ್ಗಿಗೂ ಮುಟ್ಟಿಸಿಯಾಗಿತ್ತು.

ಶುಕ್ರವಾರ ಬೆಳಿಗ್ಗೆ ಐದಕ್ಕೆ, ಕೂಲರ್ ಆರಿಸಿ, ಚಾಸಿಬ್ ಹಳೇ ಆವೃತ್ತಿಯಲ್ಲೇ ಲಾರಿ ಹತ್ತಿದರು. ಕಾರ್ಡು ಕೈತಪ್ಪಿದ್ದನ್ನು ಯಾರೂ ತಿಳಿಸಿರದ ಬಲ್ಕೀಸ್ ಹೊಸದರಲ್ಲಿ ಕಾದಿದ್ದರು, ಫಾವ್ ರಸ್ತೆಯಲ್ಲಿ ಲಾರಿ ತೂಗುವ ಮೊದಲ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿಕೊಂಡು. ಬರಲಿಲ್ಲವಲ್ಲ ಅಂತ ಫೋನು ಮಾಡಿದರು. ಚಾಸಿಬ್ ನಡೆದದ್ದು ನಡೆದ ಹಾಗೆ ಹೇಳಿದರು. ಆ ಕಡೆ ತಂಗಿ ಅಳುತ್ತಿದ್ದಾಳೆಂದು ಇವರಿಗೆ ಗೊತ್ತಾಯಿತು, ಗೊತ್ತಾಗದವರಂತೆ ಪರದೆಯ ರಸ್ತೆ ನೋಡಿದರು.

"ಎರಡು ಗಂಟೆ ಟೆಸ್ಟಿಗೆ ಇಟ್ಟಿದ್ಯಾ?" ಎಂದು ಕೊನೆಗೆ ಕೇಳಿದರು ಬಲ್ಕೀಸ್. "ಎಂಥವನೋ ನೀನು. ಥೇಟ್ ಅಪ್ಪನ ಹಾಗೆ. ಮನೆ ಮುಂದೆ ನಿಂತಾಗಲೂ ಟೈರು ಒದೀತಿದ್ರು."

"ಬೈಯ್ಯಬೇಕು ಅಂದ್ರೆ ಬೈದುಬಿಡು."

"ಬೈದು ಏನು ಮಾಡ್ಲಿ? ಇರು, ಹಳೇದಕ್ಕೆ ವಾಪಸ್ ಬರ್ತೀನಿ. ಹತ್ತು ನಿಮಿಷ ಆಗುತ್ತೆ." ಬಂದ ಮೇಲೆ ಎಂದಿನಂತೆ ಅಣ್ಣನ ಲಾರಿ ಮುಂದೆ, ತಂಗಿಯದು ಹಿಂದೆ ಹೊರಟವು. ಆಮೇಲೆ ತಂಗಿಯೇ ಕೇಳಿದರು, "ಆ ಹಾಜಿ ದೋಣಿ ಓಡ್ತಾ ಅಣ್ಣಾ?"

ಓಡಿತು. ಮುಂದಿನ ವಾರ ಹಾಜಿ ದಾಖಿಲ್ ಪೇಟೆಗೆ ಬಂದು ಅದೇ ಸ್ಟೂಲಿನ ಮೇಲೆ ಕೂತು ಒಂದಷ್ಟು ದೂರು ಹೇಳಿದರು. ಆಟದ ನೀರು ತೀರಾ ನೀಲಿ, ನಮ್ಮ ನದಿ ಎಲ್ಲಾದರೂ ಹೀಗಿದೆಯಾ? ಅಲ್ಲಿಯ ಹಡಗಿನವರು ಬೈಯುವುದೇ ಇಲ್ಲ, ಬೈಗುಳ ಇಲ್ಲದೆ ಯಾವ ಬಂದರು ನಡೆದಿದೆ? ಎಲ್ಲ ಹೇಳಿ ಎದ್ದವರು ಹೋಗುವ ಮುಂಚೆ ದನಿ ತಗ್ಗಿಸಿದರು. "ಹಗ್ಗ ಬಿಗಿಯಾಗೋ ಹೊತ್ತಿಗೆ ಮಾತ್ರ ಕೈ ತಾನಾಗೇ ಗಟ್ಟಿ ಹಿಡಿಯುತ್ತೆ ಉಸ್ತಾ. ಮೂರು ವರ್ಷ ಆಗಿತ್ತು." ಕಾರ್ಡಿನ ಹಿಂದಿನ ಕಥೆ ಅವರಿಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ವಾಪಸು ತಂದುಬಿಡುತ್ತಾರೆ, ದಯವಿಟ್ಟು ಅವರ ಹೆಸರು ಊರು ಬದಲಾಯಿಸಿ ಬರೆಯಿರಿ ಎಂದು ಚಾಸಿಬ್ ಬೇಡಿಕೊಂಡಿದ್ದಾರೆ. ಹಾಗೇ ಮಾಡಿದ್ದೇನೆ.

ಈಗ ಹಳೇ ಪೆಟ್ಟಿಗೆಗಳ ಲಾರಿ ಬಂದಾಗ ಚಾಸಿಬ್ ಅಷ್ಟು ಆತುರದಿಂದ ಇಣುಕುವುದಿಲ್ಲ ಎಂದು ಅಬೂ ತಬಾರಕ್ ಹೇಳುತ್ತಾರೆ. ಅದು ಸುಳ್ಳು. ನಾನು ಬಂದು ಕೂತ ಎರಡು ದಿನದಲ್ಲಿ ಲಾರಿ ಎರಡು ಸಲ ಬಂತು, ಎರಡು ಸಲವೂ ಅವರು ಬರೆಯುತ್ತಿದ್ದ ಪಟ್ಟಿ ಮುಗಿಸಿ, ಎದುರಿಗಿದ್ದವರನ್ನು ಕಳಿಸಿ, ಆಮೇಲೆ ಎದ್ದು ಹೋಗಿ ಒಂದೊಂದೇ ಮುಚ್ಚಳ ತೆಗೆದು ನೋಡಿದರು. ಮೇಜಿನ ಗಾಜಿನ ಕೆಳಗೆ ಅವರದೇ ಒಂದು ರಟ್ಟಿನ ಪಟ್ಟಿ ಇದೆ. ಮೊದಲ ಸಾಲು ಎರಡು ಆಂಪ್. ಎರಡನೇ ಸಾಲಿಗೆ ಸರಿ ಗುರುತು ಬಿದ್ದಿದೆ. ಮೂರನೇ ಸಾಲು ಮಾರ್ಚಿನಿಂದ ಹಾಗೇ ಇದೆ.

ಹಾಗಾದರೆ ನಿಮ್ಮ ಆಸೆ ಆ ಕಾರ್ಡು ಎಂದು ಬರೆದುಕೊಳ್ಳಬಹುದೇ ಎಂದರೆ ಚಾಸಿಬ್ ಬೇಡ ಎನ್ನುತ್ತಾರೆ. ಲೋಟದ ತಳದ ಸಕ್ಕರೆಯನ್ನು ಚಮಚದಲ್ಲಿ ಕೆದಕುತ್ತಾರೆ.

"ಕಾರ್ಡು ಬರುತ್ತೆ ಬಿಡಿ. ಇವತ್ತಲ್ಲ ನಾಳೆ ಎಲ್ಲೋ ಒಂದು ಆಫೀಸು ಬಾಗಿಲು ಹಾಕುತ್ತೆ, ಬರುತ್ತೆ. ಬಂದ ಶುಕ್ರವಾರ ನಾನು ಮುಂದೆ ಹೋಗಲ್ಲ. ಏಳು ವರ್ಷದಿಂದ ನಾನೇ ಮುಂದೆ ಹೋಗ್ತಿದ್ದೀನಿ, ಅಭ್ಯಾಸ. ದೊಡ್ಡವಳಾಗು ಕೊಡ್ತೀನಿ ಅಂತ ಮಾತು ಕೊಟ್ಟು ಮೂವತ್ತು ವರ್ಷ ಆಯ್ತು. ಫಾವ್ ದಾರೀಲಿ ಅವಳು ಮುಂದೆ ಓಡಿಸ್ಲಿ. ನಾನು ಹಿಂದೆ ಬರ್ತೀನಿ."